ಬಿರುಕಿನ ವಯಸ್ಸು: ಮನೆ ವಿಮೆ ಸರ್ವೇಯರ್ ಆಗಲು ನಾನು ಕಲಿತದ್ದು

ಕಲಬುರಗಿಯಲ್ಲಿ ವಿಮೆ ಅಂದರೆ ಜನರಿಗೆ ಮೊದಲು ನೆನಪಾಗುವುದು ತೊಗರಿ. ಮಳೆ ಕೈಕೊಟ್ಟಿತು, ಇಲ್ಲವೇ ಜಾಸ್ತಿ ಸುರಿಯಿತು, ಬೆಳೆ ವಿಮೆ ಬಂತಾ ಇಲ್ವಾ ಅಂತ ಮಾತು ಶುರುವಾಗುತ್ತದೆ. ಅದು ಬಿಟ್ಟರೆ ಗಾಡಿ ವಿಮೆ. ಮನೆಗೂ ವಿಮೆ ಇರುತ್ತದೆ, ಅದರ ನಷ್ಟ ಅಳೆಯಲು ಲೈಸೆನ್ಸ್ ಇರುವವರು ಬೇಕು, ಆ ಲೈಸೆನ್ಸಿಗೆ ಒಂದು ವರ್ಷದ ತರಬೇತಿ ಇದೆ ಅಂದರೆ ಹೌದಾ ಅಂತ ನೋಡುತ್ತಾರೆ. ನಾನು ಆ ತರಬೇತಿ ಮುಗಿಸಿದ್ದೇನೆ. ನಮ್ಮ ಭಾಗದಲ್ಲಿ ಇದನ್ನು ಕಲಿಯುವವರು ತುಂಬಾ ಕಡಿಮೆ, ಬರೆದವರಂತೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಈ ಕೆಲಸ ಏನು ಅಂತ ಹೇಳಿಬಿಡುತ್ತೇನೆ. 1938ರ ವಿಮಾ ಕಾಯ್ದೆಯಲ್ಲಿ 64ಯುಎಂ ಅಂತ ಒಂದು ಕಲಂ ಇದೆ. ನಷ್ಟ ಒಂದು ಮಿತಿ ದಾಟಿದರೆ ವಿಮಾ ಕಂಪನಿ ತನ್ನದೇ ಲೆಕ್ಕ ಹಾಕಿ ದುಡ್ಡು ಕೊಡುವ ಹಾಗಿಲ್ಲ, ಲೈಸೆನ್ಸ್ ಇರುವ ಸರ್ವೇಯರ್ ಹೋಗಿ ನೋಡಿ ವರದಿ ಕೊಡಬೇಕು ಅನ್ನುವುದು ಅದರ ಸಾರ. ಲೈಸೆನ್ಸ್ ಕೊಡುವುದು ಐಆರ್‌ಡಿಎಐ, ಅಂದರೆ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರ. ಸರ್ವೇಯರ್ ಕಂಪನಿಯ ನೌಕರ ಅಲ್ಲ. ಫೀ ಕೊಡುವುದು ಕಂಪನಿಯೇ, ಆದರೆ 2015ರ ನಿಯಮಾವಳಿ ಪ್ರಕಾರ ವರದಿಯ ಪ್ರತಿ ಮನೆಯವರಿಗೂ ಹೋಗಬೇಕು, ನಷ್ಟದ ಲೆಕ್ಕಕ್ಕೆ ಅವರು ಒಪ್ಪಿದ್ದಾರಾ ಇಲ್ಲವಾ ಅನ್ನುವುದೂ ಅದರಲ್ಲಿ ಬರೆದಿರಬೇಕು. ಈ ಕೊನೆಯ ಸಾಲನ್ನು ನೆನಪಿಡಿ, ಮುಂದೆ ಅದು ಬರುತ್ತದೆ.

ನಾನು ಇಲ್ಲೇ ಪಿಡಿಎ ಕಾಲೇಜಿನಲ್ಲಿ ಸಿವಿಲ್ ಓದಿದವಳು. ಎಂಜಿನಿಯರಿಂಗ್ ಡಿಗ್ರಿ ಅಥವಾ ಡಿಪ್ಲೊಮಾ ಇದ್ದವರು ಈ ತರಬೇತಿಗೆ ಬರಬಹುದು, ಸಿಎ ಮಾಡಿದವರೂ ಬರಬಹುದು. ಹೈದರಾಬಾದಿನಲ್ಲಿ ಸರ್ವೇಯರ್‌ಗಳದೇ ಒಂದು ಸಂಸ್ಥೆ ಇದೆ, ಐಐಐಎಸ್‌ಎಲ್‌ಎ ಅಂತ. ಅದಕ್ಕೆ ವಿದ್ಯಾರ್ಥಿ ಸದಸ್ಯರಾಗಬೇಕು. ಆಮೇಲೆ ನಮಗೆ ಬೇಕಾದ ವಿಭಾಗದಲ್ಲಿ ಲೈಸೆನ್ಸ್ ಇರುವ ಹಿರಿಯ ಸರ್ವೇಯರ್ ಕೈಕೆಳಗೆ 12 ತಿಂಗಳು ಕೆಲಸ. ಮನೆಗೆ ನೀರು ನುಗ್ಗಿದ್ದು, ಭೂಕಂಪ, ಸಿಡಿಲು, ಬೆಂಕಿ ಎಲ್ಲವೂ ಫೈರ್ ವಿಭಾಗದಲ್ಲೇ ಬರುತ್ತವೆ. ನಮ್ಮ ಕಡೆ ಕಷ್ಟ ಏನೆಂದರೆ ಹೆಚ್ಚಿನ ಸರ್ವೇಯರ್‌ಗಳ ಕೈತುಂಬಾ ಮೋಟಾರ್ ಕೆಲಸವೇ. ಗುದ್ದಿದ ಕಾರು, ಬಿದ್ದ ಲಾರಿ. ಫೈರ್ ಕಲಿಸುವವರು ಸಿಗಲಿಕ್ಕೆ ಸಾಕಷ್ಟು ಕಡೆ ಕೇಳಬೇಕಾಯಿತು. ಕೊನೆಗೆ ಒಬ್ಬರು ಒಪ್ಪಿದರು. ಅವರನ್ನು ಇಲ್ಲಿ ಸುಮ್ನೆ ಸರ್ ಅಂತಲೇ ಕರೆಯುತ್ತೇನೆ.

ಸರ್ ನನ್ನನ್ನು ತಕ್ಷಣ ಸೈಟಿಗೆ ಕರೆದುಕೊಂಡು ಹೋಗಲಿಲ್ಲ. ಪಾಲಿಸಿ ಕೈಗಿಟ್ಟು ಇದನ್ನು ಪೂರ್ತಿ ಓದಿ, ನಿಮ್ಮ ಅವ್ವನಿಗೆ ಅರ್ಥ ಆಗೋ ಹಾಗೆ ಹೇಳಿ ನೋಡಿ ಅಂದರು. ಅದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಎಲ್ಲ ಜನರಲ್ ಇನ್ಶೂರೆನ್ಸ್ ಕಂಪನಿಗಳೂ ಮನೆಗೆ ಮಾರಲೇಬೇಕಾದ ಒಂದೇ ಮಾದರಿಯ ಪಾಲಿಸಿ. ಇದರ ಮೊದಲು ಮನೆಗಳಿಗೂ ಅಂಗಡಿ, ಗೋದಾಮಿಗೆ ಕೊಡುವ ಮಾಮೂಲಿ ಫೈರ್ ಪಾಲಿಸಿಯನ್ನೇ ಕೊಡುತ್ತಿದ್ದದ್ದು ಜಾಸ್ತಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿದರು. ಅದರಲ್ಲೇ ಅರ್ಧ ಪಾಠ ಇತ್ತು ಅಂತ ಈಗ ಅನ್ನಿಸುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಮನೆ ಕಟ್ಟಲು ಇವತ್ತು 20 ಲಕ್ಷ ಬೇಕು, ವಿಮೆ ಮಾಡಿಸಿದ್ದು 10 ಲಕ್ಷಕ್ಕೆ, ನಷ್ಟ 4 ಲಕ್ಷ ಅಂತ ಇಟ್ಟುಕೊಳ್ಳಿ. ಹಳೇ ಫೈರ್ ಪಾಲಿಸಿಯಲ್ಲಿ ಆವರೇಜ್ ಅಂತ ಷರತ್ತು ಇರುತ್ತದೆ. ಅರ್ಧ ಬೆಲೆಗೆ ವಿಮೆ ಮಾಡಿಸಿದ್ದೀರಿ, ಹಾಗಾಗಿ ನಷ್ಟದಲ್ಲೂ ಅರ್ಧವೇ, ಅಂದರೆ 2 ಲಕ್ಷ. ಮನೆಯವರು ಮಾತ್ರ ಹತ್ತು ಲಕ್ಷದ ವಿಮೆ ಇದೆ, ನಾಲ್ಕು ಲಕ್ಷ ಪೂರ್ತಿ ಬರುತ್ತೆ ಅಂತ ನಂಬಿಕೊಂಡಿರುತ್ತಾರೆ. ಗೃಹ ರಕ್ಷಾದಲ್ಲಿ ಈ ಕಡಿತವನ್ನು ತೆಗೆದುಹಾಕಿದ್ದಾರೆ. ವಿಮಾ ಮೊತ್ತದ ಒಳಗೆ ಇದ್ದರೆ ಪೂರ್ತಿ ನಷ್ಟ ಕೊಡಬೇಕು. ಇನ್ನೊಂದು: ಮನೆ ಕಟ್ಟಡಕ್ಕೆ ವಿಮೆ ಮಾಡಿಸಿದರೆ ಒಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, 10 ಲಕ್ಷದ ಮಿತಿಯೊಳಗೆ, ತಾನಾಗಿಯೇ ಸೇರಿರುತ್ತದೆ. ಕಟ್ಟಡಕ್ಕೆ 18 ಲಕ್ಷ ಇದ್ದರೆ ಸಾಮಾನಿಗೆ 3.6 ಲಕ್ಷ. ಬಂಗಾರಕ್ಕೆ ಇದು ನಡೆಯುವುದಿಲ್ಲ, ಬೇರೆಯಾಗಿ ಬರೆಸಬೇಕು. ಕಟ್ಟಡದ ಮೊತ್ತ ಹಾಕುವಾಗ ಜಾಗದ ಬೆಲೆ ಸೇರುವುದಿಲ್ಲ. ಕಾರ್ಪೆಟ್ ಏರಿಯಾ ಅಂದರೆ ಗೋಡೆಗಳ ಒಳಗಿನ ನೆಲದ ಅಳತೆ, ಅದಕ್ಕೆ ಕಟ್ಟುವ ಖರ್ಚು, ಅಷ್ಟೇ.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವ್ವ ಕೇಳಿದ ಪ್ರಶ್ನೆ ಒಂದೇ. "ಮನಿ ಬಿದ್ದರ ಎಲ್ಲಿ ಇರಬೇಕು? ಅದಕ್ಕೇನ್ ಕೊಡ್ತಾರ?" ನೋಡಿದರೆ ಅದಕ್ಕೂ ಇದೆ. ಮನೆ ವಾಸಕ್ಕೆ ಯೋಗ್ಯವಲ್ಲ ಅಂತಾದರೆ ಬೇರೆ ಮನೆಯ ಬಾಡಿಗೆ ಈ ಪಾಲಿಸಿಯಲ್ಲಿ ಸೇರಿದೆ. ಅವಶೇಷ ತೆಗೆಸಲು ಕ್ಲೇಮಿನ ಶೇಕಡಾ 2ರವರೆಗೆ, ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಫೀಗೆ ಶೇಕಡಾ 5ರವರೆಗೆ ಇದೆ. ಆಮೇಲೆ ಊರೂರು ತಿರುಗಿ ನೋಡಿದೆ, ಇದನ್ನು ತಾವಾಗಿಯೇ ಕೇಳಿದ ಮನೆಯವರು ಸಿಗಲಿಲ್ಲ. ಗೊತ್ತಿದ್ದರೆ ತಾನೇ ಕೇಳುವುದು! ಪಾಲಿಸಿ ಇಂಗ್ಲಿಷಿನಲ್ಲಿ ಇರುತ್ತದೆ, ಎಷ್ಟೋ ಸಲ ಮನೆಯಲ್ಲೇ ಇರುವುದಿಲ್ಲ. ಗೃಹ ಸಾಲ ಕೊಟ್ಟಾಗ ಬ್ಯಾಂಕಿನವರು ಸಾಲದ ಜೊತೆಗೇ ವಿಮೆ ಮಾಡಿಸಿರುತ್ತಾರೆ, ಕಾಗದ ಬ್ಯಾಂಕಿನ ಫೈಲಿನಲ್ಲೇ ಉಳಿದಿರುತ್ತದೆ. ತಮ್ಮ ಮನೆಗೆ ವಿಮೆ ಇದೆ ಅನ್ನುವುದೇ ಗೊತ್ತಿಲ್ಲದವರು ಇದ್ದಾರೆ. ಸಾಲ ತೆಗೆದುಕೊಂಡು ಮನೆ ಕಟ್ಟಿದವರು ಇದನ್ನು ಓದುತ್ತಿದ್ದರೆ ನಾಳೆಯೇ ಬ್ಯಾಂಕಿಗೆ ಹೋಗಿ ಪಾಲಿಸಿಯ ಪ್ರತಿ ತೆಗೆದುಕೊಳ್ಳಿ, ದಯವಿಟ್ಟು.

ಸರ್ ಹೇಳುತ್ತಿದ್ದದ್ದು ಇಷ್ಟು: ಮನೆಯವರು ಕೇಳಿದ್ದನ್ನು ಕಡಿಮೆ ಮಾಡುವುದಷ್ಟೇ ಸರ್ವೇಯರ್ ಕೆಲಸ ಅಂತ ತಿಳಿದುಕೊಂಡವರು ಅರ್ಧ ಕೆಲಸ ಮಾಡುತ್ತಾರೆ. ಅವರು ಕೇಳದೇ ಇದ್ದದ್ದು ಪಾಲಿಸಿಯಲ್ಲಿ ಇದ್ದರೆ ಅದನ್ನೂ ಬರೆಯಬೇಕು. ನನಗೆ ಈ ಕೆಲಸದ ಮೇಲೆ ಮನಸ್ಸು ನಿಂತದ್ದು ಈ ಮಾತಿಗೆ.

ಆಮೇಲೆ ಹಳೇ ಫೈಲುಗಳು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಬಂದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಇಲ್ಲೂ ಧಾರಾಕಾರ ಮಳೆ, ಮೇಲಿನಿಂದ ಮಹಾರಾಷ್ಟ್ರದ ಡ್ಯಾಮುಗಳ ನೀರು, ಸೊನ್ನ ಬ್ಯಾರೇಜಿನಿಂದ ಕೆಳಕ್ಕೆ ಅಫಜಲಪುರ, ಜೇವರ್ಗಿ ಕಡೆಯ ಊರುಗಳೆಲ್ಲ ಜಲಾವೃತ. ಆ ಕಡೆ ಕಾಗಿಣಾ ನದಿ ಮಳಖೇಡದ ಹತ್ತಿರ ಊರೊಳಗೆ ಬಂತು. ಆ ವರ್ಷದ ಫೋಟೋಗಳನ್ನು ಕೊಟ್ಟು ಸರ್ ಕೇಳುತ್ತಿದ್ದರು, ಈ ಫೋಟೋದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಹೇಳಿ ಅಂತ. ಗೋಡೆ ಮೇಲಿನ ಕಲೆ ನೋಡಿ ಹೇಳುವುದು ಸುಲಭ ಅನ್ನಿಸುತ್ತದೆ. ಹಾಗಲ್ಲ. ಇಟ್ಟಿಗೆ ಗೋಡೆ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ನೀರು ನಿಂತದ್ದು ಒಂದು ಕಡೆ, ತೇವದ ಕಲೆ ಅದಕ್ಕಿಂತ ಒಂದಡಿ, ಕೆಲವು ಸಲ ಇನ್ನೂ ಮೇಲೆ. ನಿಜವಾದ ಗೆರೆ ನೀರು ಹೀರದ ವಸ್ತುವಿನ ಮೇಲೆ ಇರುತ್ತದೆ. ಕಬ್ಬಿಣದ ಗೇಟು, ಕಿಟಕಿಯ ಗಾಜು, ಫ್ರಿಜ್ಜಿನ ಹಿಂಬದಿ, ಕಪಾಟಿನ ಒಳಗಡೆ. ಅಲ್ಲಿ ಸಣ್ಣ ಕೆಸರಿನ ಗೆರೆ ನೇರವಾಗಿ ಕೂತಿರುತ್ತದೆ. ಮನೆಯ ನಾಲ್ಕು ಕಡೆ ಆ ಗೆರೆ ಹುಡುಕಿ, ಗೌಂಡಿಗಳು ಬಳಸುವ ಲೆವೆಲ್ ಪೈಪ್ ಹಿಡಿದು ಎಲ್ಲ ಒಂದೇ ಮಟ್ಟಕ್ಕೆ ಇವೆಯಾ ನೋಡಬೇಕು. ಇದ್ದರೆ ಅದು ಪ್ರವಾಹದ ನೀರು. ಒಂದು ಕೋಣೆಯಲ್ಲಿ ಮಾತ್ರ ಮೇಲೆ ಇದ್ದರೆ ಸೂರು ಸೋರಿದೆ, ಇಲ್ಲವೇ ಪೈಪ್ ಒಡೆದಿದೆ, ಕಾರಣ ಬೇರೆ.

2025ರ ಸೆಪ್ಟೆಂಬರ್ ಕೊನೆಗೆ ಭೀಮಾ ಮತ್ತೆ ತುಂಬಿದಾಗ ನಾನು ತರಬೇತಿಯಲ್ಲೇ ಇದ್ದೆ. ಇಷ್ಟು ದಿನ ಫೋಟೋದಲ್ಲಿ ನೋಡಿದ್ದು ಈಗ ಕಾಲ ಕೆಳಗೆ. ಜೇವರ್ಗಿ ಕಡೆಯ ದಡದ ಊರುಗಳಿಗೆ ನೀರು ಇಳಿದ ಮೇಲೆ ಹೋದೆವು. ಬೀದಿಯಲ್ಲಿ ಮೊಣಕಾಲಿನವರೆಗೆ ರಾಡಿ, ನೆನೆದ ಹಾಸಿಗೆ ಗೋಡೆಗೆ ಆನಿಸಿಟ್ಟಿದ್ದರು, ತೊಗರಿ ಕಾಳು ಚೀಲದಲ್ಲೇ ಮೊಳಕೆ ವಾಸನೆ ಹೊಡೆಯುತ್ತಿತ್ತು. ಜನ ಕಾಳಜಿ ಕೇಂದ್ರದಿಂದ ಒಬ್ಬೊಬ್ಬರಾಗಿ ವಾಪಸ್ ಬರುತ್ತಿದ್ದರು. ನಾವು ಕಾರಿನಿಂದ ಇಳಿದ ಕೂಡಲೇ ಸುತ್ತಲೂ ಗುಂಪು. "ಸಾಹೇಬ್ರ, ನಮ್ಮ ಮನೀನೂ ಬರ್ಕೋರಿ." ಅವರು ನಮ್ಮನ್ನು ತಹಸೀಲ್ದಾರ್ ಕಚೇರಿಯವರು ಅಂದುಕೊಂಡಿದ್ದರು. ಸರ್ಕಾರದ ಪರಿಹಾರಕ್ಕೆ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ಬರೆದುಕೊಳ್ಳುತ್ತಾರಲ್ಲ, ಅದು ಅಂತ. ಅಲ್ಲಿ ಜಾಸ್ತಿ ಹಾನಿಯಾದದ್ದು ಕಲ್ಲು ಮಣ್ಣಿನ ಗೋಡೆಯ, ಜಂತಿ ಹಾಕಿ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆಗಳಿಗೆ. ನಾವು ಹೋದ ಬೀದಿಗಳಲ್ಲಿ ಅವಕ್ಕೆ ಯಾವ ವಿಮೆಯೂ ಇರಲಿಲ್ಲ. ವಿಮೆ ಇದ್ದದ್ದು ಬ್ಯಾಂಕ್ ಸಾಲದ ಆರ್‌ಸಿಸಿ ಮನೆಗಳಿಗೆ. ಎದುರು ಬದುರು ಮನೆಗಳು, ಒಂದಕ್ಕೆ ನಾವು ಟೇಪ್ ಹಿಡಿಯುತ್ತೇವೆ, ಇನ್ನೊಂದಕ್ಕೆ ಪಂಚಾಯ್ತಿಯವರನ್ನು ಕೇಳಿ ಅನ್ನುತ್ತೇವೆ. ಹಾಗೆ ಹೇಳುವುದು ಪ್ರತಿ ಸಲವೂ ಕಷ್ಟವೇ ಆಯಿತು.

ಸರ್ ಮನೆಯೊಳಗೆ ಹೋದ ತಕ್ಷಣ ಏನನ್ನೂ ಅಳೆಯುವುದಿಲ್ಲ. ಮೊದಲು ಕೂತುಕೊಂಡು ಕೇಳುತ್ತಾರೆ. ನೀರು ಎಷ್ಟು ಹೊತ್ತಿಗೆ ಬಂತು, ಯಾವ ಕಡೆಯಿಂದ, ನೀವು ಆಗ ಏನು ಮಾಡುತ್ತಿದ್ದಿರಿ. ಮಧ್ಯೆ ಬಾಯಿ ಹಾಕುವುದಿಲ್ಲ, ಪೆನ್ನೂ ತೆಗೆಯುವುದಿಲ್ಲ. ಮನೆಯವರು ಒಂದು ಸಲ ಪೂರ್ತಿ ಹೇಳಿ ಮುಗಿಸಿದ ಮೇಲೆ, ಈಗ ಮತ್ತೆ ಮೊದಲಿನಿಂದ ಹೇಳಿ, ಬರೆದುಕೊಳ್ಳುತ್ತೇನೆ ಅನ್ನುತ್ತಾರೆ. ಎರಡನೇ ಸಲ ಹೇಳುವಾಗ ಜನ ಎಷ್ಟೊಂದು ಸೇರಿಸುತ್ತಾರೆ ಅಂದರೆ! "ಹಾಂ, ಆ ಪಂಪ್‌ಸೆಟ್ ಮೋಟರ್ ಒಳಗ ಇಟ್ಟಿದ್ವಿರಿ" ಅಂತ ನೆನಪಾಗುವುದು ಆಗಲೇ.

ನಾನು ಹೆಣ್ಣು ಅನ್ನುವುದು ಇಲ್ಲಿ ಉಪಯೋಗಕ್ಕೆ ಬಂತು. ಗಂಡಸರು ಟಿವಿ, ಫ್ರಿಜ್ಜು, ಬೈಕು ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಹೆಂಗಸರು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಮಿಕ್ಸರ್, ಗ್ರೈಂಡರ್, ಹೊಲಿಗೆ ಮಷಿನ್, ಟ್ರಂಕಿನಲ್ಲಿ ಮಗಳ ಮದುವೆಗೆ ಕೂಡಿಟ್ಟ ಸೀರೆಗಳು. ಒಂದು ಹೊಲಿಗೆ ಮಷಿನ್ ಗಂಡನ ಪಟ್ಟಿಯಲ್ಲಿ ಇರಲೇ ಇಲ್ಲ. ಬಿಲ್ ಇಲ್ಲ ಅಂತ ಆಕೆ ಹೇಳಿರಲಿಲ್ಲವಂತೆ. ಬಿಲ್ ನೀರಿನಲ್ಲಿ ಹೋಗಿರುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಮಷಿನ್ ಮೇಲಿನ ನಂಬರ್ ಇದೆ, ಅದರ ಮುಂದೆ ಕೂತ ಹಳೇ ಫೋಟೋ ಮೊಬೈಲಿನಲ್ಲಿದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ದುಡ್ಡು ಕಟ್ಟಿದ್ದು ಇದೆ. ಇಷ್ಟು ಸಾಕು, ವಸ್ತು ಇತ್ತು ಅಂತ ವರದಿಯಲ್ಲಿ ನಿಲ್ಲಿಸಬಹುದು. ಇನ್ನೊಂದು ಮನೆಯಲ್ಲಿ ನೀರು ಇಳಿಯುವ ಹೊತ್ತಿಗೆ ಗ್ಯಾಸ್ ಸಿಲಿಂಡರ್ ಯಾರೋ ಎತ್ತಿಕೊಂಡು ಹೋಗಿದ್ದರು. ಅವರು ಕಾಳಜಿ ಕೇಂದ್ರದಲ್ಲಿದ್ದಾಗ. ಪ್ರವಾಹದಂಥ ಘಟನೆಯಾದ 7 ದಿನದ ಒಳಗೆ ಅದರಿಂದಾಗಿ ಕಳ್ಳತನವಾದರೆ ಗೃಹ ರಕ್ಷಾದಲ್ಲಿ ಅದೂ ಸೇರುತ್ತದೆ. ಪೊಲೀಸರಿಗೆ ದೂರು ಕೊಡಿ ಅಂತ ಹೇಳಿ ಪಟ್ಟಿಗೆ ಸೇರಿಸಿದೆವು. ತೊಗರಿ ಚೀಲಗಳನ್ನು ಮಾತ್ರ ಸರ್ ಬೇರೆ ಹಾಳೆಯಲ್ಲಿ ಬರೆಸಿದರು. ಮನೆಬಳಕೆಯ ಸಾಮಾನು ಬೇರೆ, ಮಾರಲು ಇಟ್ಟ ಫಸಲು ಬೇರೆ.

ನೆಲದ ವಿಷಯ ಹೇಳಲೇಬೇಕು. ನಮ್ಮ ಕಡೆ ಮನೆ ಅಂದಮೇಲೆ ಶಹಾಬಾದ್ ಫರಸಿ. ನೀರು ಇಳಿದ ಮೇಲೆ ತೊಳೆದು ಬಿಟ್ಟರೆ ಕಲ್ಲು ಮೊದಲಿನ ಹಾಗೇ ಕಾಣುತ್ತದೆ. ಮನೆಯವರೂ ನೆಲಕ್ಕೆ ಏನೂ ಆಗಿಲ್ಲ ಅನ್ನುತ್ತಾರೆ. ಸುತ್ತಿಗೆಯ ಹಿಡಿಕೆಯಿಂದ ಒಂದೊಂದೇ ಕಲ್ಲು ತಟ್ಟುತ್ತಾ ಹೋಗಬೇಕು. ಕೆಳಗೆ ತುಂಬಿದ ಮುರ್ರಂ, ಅಂದರೆ ಗರಸು ಮಣ್ಣು, ಗಟ್ಟಿಯಾಗಿದ್ದರೆ ಸದ್ದು ಗಟ್ಟಿ. ಹರಿವ ನೀರು ಅದನ್ನು ಕೊಚ್ಚಿಕೊಂಡು ಹೋಗಿದ್ದರೆ ಟೊಳ್ಳು ಸದ್ದು ಬರುತ್ತದೆ. ಟೊಳ್ಳು ಕಲ್ಲುಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿ ಎಣಿಸಿದೆವು. ಒಂದು ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲಿನಿಂದ ಗೋಡೆಯವರೆಗೆ ಗುರುತೇ ಗುರುತು. ಇದನ್ನು ಆಗಲೇ ಹಿಡಿಯದಿದ್ದರೆ ಆರು ತಿಂಗಳಿಗೆ ನೆಲ ಕುಸಿದು ಮನೆಯವರು ಮತ್ತೆ ಬರುತ್ತಾರೆ, ಆಗ ಅದು ಪ್ರವಾಹದಿಂದಲೇ ಆದದ್ದು ಅಂತ ತೋರಿಸುವುದು ತುಂಬಾ ಕಷ್ಟ.

ಈಗ ಬಿರುಕಿಗೆ ಬರುತ್ತೇನೆ. ಈ ಭಾಗದಲ್ಲಿ ಮನೆ ನಷ್ಟ ಅಳೆಯುವವರು ಬಿರುಕು ಓದಲು ಕಲಿಯದಿದ್ದರೆ ಉಳಿದದ್ದೆಲ್ಲ ಕಲಿತೂ ಪ್ರಯೋಜನವಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಕಾರಣ ನಮ್ಮ ಕಪ್ಪು ಮಣ್ಣು. ಎರೆಭೂಮಿ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಪಾಯ ತೆಳುವಾಗಿ ಹಾಕಿದ ಮನೆ ವರ್ಷಕ್ಕೊಮ್ಮೆ ಮೇಲೆ ಕೆಳಗೆ ಆಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಪ್ರವಾಹ ಬರಲಿ ಬಿಡಲಿ, ನಮ್ಮಲ್ಲಿ ಬಿರುಕಿಲ್ಲದ ಮನೆ ಹುಡುಕಬೇಕು. ಇನ್ನು ಪಾಲಿಸಿಯಲ್ಲಿ ಏನಿದೆ? ನೆಲ ಕುಸಿತ ಸೇರಿದೆ, ಆದರೆ ಹೊಸ ಕಟ್ಟಡ ಸಹಜವಾಗಿ ಕೂರುವುದು, ಮಾಮೂಲಿ ಬಿರುಕು, ಕಳಪೆ ಕೆಲಸ, ಕಳಪೆ ಸಾಮಗ್ರಿ ಇವಕ್ಕೆ ಕೊಡುವುದಿಲ್ಲ. ಹಾಗಾಗಿ ಎರಡು ಸುಲಭ ದಾರಿ ಎದುರಿಗೆ ಇರುತ್ತವೆ. ಎಲ್ಲ ಬಿರುಕನ್ನೂ ಕಪ್ಪು ಮಣ್ಣಿನ ಹಳೇ ಬಿರುಕು ಅಂತ ಬರೆದುಬಿಡಬಹುದು, ಕಂಪನಿಯಿಂದ ಯಾವ ಪ್ರಶ್ನೆಯೂ ಬರುವುದಿಲ್ಲ. ಇಲ್ಲವೇ ಎಲ್ಲವೂ ಪ್ರವಾಹದ್ದೇ ಅಂತ ಬರೆಯಬಹುದು, ಮನೆಯವರಿಗೆ ಖುಷಿ. ಎರಡೂ ಸುಳ್ಳು ವರದಿಗಳೇ.

ಆ ಊರಿನಲ್ಲಿ ನೋಡಿದ ಒಂದು ಗೋಡೆ ಹೇಳುತ್ತೇನೆ. ಮಲಗುವ ಕೋಣೆಯ ಹಿಂದಿನ ಗೋಡೆ, ಹಸಿರು ಡಿಸ್ಟೆಂಪರ್. ಕಿಟಕಿಯ ಕೆಳಮೂಲೆಯಿಂದ ನೆಲದವರೆಗೆ ಓರೆ ಬಿರುಕು. ಯಜಮಾನರು ಇದು ಪೂರ್ತಿ ಈ ಸಲದ ನೀರಿಗೇ ಆದದ್ದು ಅಂದರು. ದೂರದಿಂದ ನೋಡಿದರೆ ಒಂದೇ ಬಿರುಕು. ಸರ್ ಟಾರ್ಚ್ ಕೊಟ್ಟು, ಗೋಡೆಗೆ ಅಡ್ಡವಾಗಿ ಹಿಡಿದು ಒಳಗಡೆ ನೋಡಿ ಅಂದರು. ಮೇಲಿನ ಅರ್ಧದಲ್ಲಿ ಬಿರುಕಿನ ಒಳಬದಿಗೂ ಹಸಿರು ಬಣ್ಣ ಇಳಿದಿತ್ತು, ಅಂಚು ಸವೆದು ದುಂಡಗಾಗಿತ್ತು, ಜೇಡರ ಬಲೆಯ ಎಳೆ ಇತ್ತು. ಅಂದರೆ ಬಣ್ಣ ಹೊಡೆಯುವಾಗಲೇ ಅದು ಅಲ್ಲಿತ್ತು. ಕೆಳಗೆ ಬರುತ್ತಾ ಒಂದು ಕಡೆ ಬಣ್ಣ ನಿಂತುಹೋಯಿತು. ಅಲ್ಲಿಂದ ನೆಲದವರೆಗೆ ಒಳಬದಿ ಹಸಿ ಸಿಮೆಂಟಿನ ಬೂದು, ಅಂಚು ಬೆರಳಿಗೆ ಚುಚ್ಚುವಷ್ಟು ಚೂಪು, ಕೆಳಗೆ ಫರಸಿ ಮೇಲೆ ಉದುರಿದ ಪುಡಿ ಇನ್ನೂ ಬಿದ್ದಿತ್ತು. ಒಂದೇ ಬಿರುಕಿಗೆ ಎರಡು ವಯಸ್ಸು. ಬಣ್ಣ ನಿಂತ ಜಾಗದಲ್ಲಿ ಪೆನ್ಸಿಲಿನಿಂದ ಅಡ್ಡ ಗೆರೆ ಎಳೆದು ತಾರೀಖು ಬರೆದೆ, ಸ್ಕೇಲ್ ಇಟ್ಟು ಫೋಟೋ ತೆಗೆದೆ. ಬಣ್ಣ ಯಾವಾಗ ಹೊಡೆಸಿದ್ದು ಅಂತ ಮನೆಯಾಕೆಯನ್ನು ಕೇಳಿದೆ. ಹಿಂದಿನ ವರ್ಷ ದೀಪಾವಳಿಗೆ ಅಂದರು.

ಇಷ್ಟಕ್ಕೇ ಮುಗಿಯಲಿಲ್ಲ. ಕೆಳಗಿನ ಅರ್ಧ ಹೊಸದು ಅಂತಾಯಿತು, ಅದು ನೀರಿನಿಂದಲೇ ಆದದ್ದು ಅಂತ ಹೇಗೆ ಹೇಳುವುದು? ಮಳೆಗಾಲದಲ್ಲಿ ಮಣ್ಣು ಹೇಗೂ ಉಬ್ಬುತ್ತದಲ್ವಾ? ಸರ್ ನನ್ನನ್ನು ಊರಿನ ಎತ್ತರದ ಕಡೆಗೆ, ನೀರು ಹೋಗದ ಬೀದಿಗೆ ಕರೆದುಕೊಂಡು ಹೋದರು. ಅದೇ ಕಪ್ಪು ಮಣ್ಣು, ಅದೇ ಥರದ ಮನೆಗಳು, ವಿಮೆಗೂ ಅವಕ್ಕೂ ಸಂಬಂಧ ಇಲ್ಲ. ಕೇಳಿಕೊಂಡು ಒಳಗೆ ಹೋಗಿ ನೋಡಿದೆವು. ಹಳೇ ಬಿರುಕು ಬೇಕಾದಷ್ಟು, ಹಸಿ ಅಂಚಿನ ಹೊಸ ಬಿರುಕು ಕಾಣಲಿಲ್ಲ. ಅದೇ ಮಳೆ ಇವರ ಮೇಲೂ ಸುರಿದಿದೆ, ನೀರು ನಿಂತದ್ದು ಮಾತ್ರ ಕೆಳಗಿನವರಿಗೆ. ಹಾಳಾದ ಮನೆಯ ನಷ್ಟ ಅಳೆಯಲು ಹಾಳಾಗದ ಮನೆಗೂ ಹೋಗಬೇಕು ಅನ್ನುವುದು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ವರದಿಯಲ್ಲಿ ಕೆಳಗಿನ ಅರ್ಧದ ದುರಸ್ತಿ ಸೇರಿಸಿದೆವು, ಮೇಲಿನದು ಬಿಟ್ಟೆವು, ಎತ್ತರದ ಬೀದಿಯ ಫೋಟೋಗಳನ್ನೂ ಲಗತ್ತಿಸಿದೆವು.

ಯಜಮಾನರಿಗೆ ಸಮಾಧಾನವಾಗಲಿಲ್ಲ. "ಅರ್ಧ ಗ್ವಾಡಿಗೆ ಗಿಲಾವ್ ಮಾಡ್ಲಿಕ್ ಆಗ್ತದೇನ್ರೀ?" ಅಂತ ಕೇಳಿದರು. ಸರಿಯಾದ ಪ್ರಶ್ನೆ ಅದು. ದುರಸ್ತಿ ಮಾಡುವ ಗೌಂಡಿ ಅರ್ಧ ಬಿರುಕಿಗೆ ಕಬ್ಬಿಣದ ಜಾಳಿಗೆ ಹೊಡೆದು ಅರ್ಧ ಬಿಡುವುದಿಲ್ಲ. ಸರ್ ಯೋಚನೆ ಮಾಡಿ, ಬಿರುಕು ತುಂಬುವ ಖರ್ಚು ಕೆಳಗಿನ ಭಾಗಕ್ಕೆ ಮಾತ್ರ, ಆದರೆ ಬಣ್ಣ ಪೂರ್ತಿ ಗೋಡೆಗೆ ಅಂತ ಹಾಕಿದರು. ನೀರು ನಿಂತು ಬಣ್ಣ ಹೇಗೂ ಹೋಗಿತ್ತು, ಅರ್ಧ ಗೋಡೆಗೆ ಹೊಡೆದರೆ ಹೊಂದುವುದಿಲ್ಲ. ಯಜಮಾನರು ಆಗಲೂ ಪೂರ್ತಿ ಒಪ್ಪಲಿಲ್ಲ. ಮೊದಲು ಹೇಳಿದೆನಲ್ಲ, ಒಪ್ಪಿಗೆ ಇದೆಯೋ ಇಲ್ಲವೋ ಬರೆಯಬೇಕು ಅಂತ. ಅವರ ಮಾತನ್ನು ಅವರದೇ ಶಬ್ದಗಳಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡೆವು. ಮುಂದೆ ಅವರು ವಿಮೆಯ ದೂರು ಕೇಳುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋದರೂ ಅವರ ತಕರಾರು ಮೊದಲ ದಿನದಿಂದ ದಾಖಲೆಯಲ್ಲಿ ಇರುತ್ತದೆ. ಅಲ್ಲಿಗೆ ಹೋಗಲು ಫೀ ಇಲ್ಲ, ವಕೀಲರೂ ಬೇಕಿಲ್ಲ, ಅದನ್ನೂ ಸರ್ ಅವರಿಗೆ ಹೇಳಿದರು.

ಭೂಕಂಪದ ಬಿರುಕು ಬೇರೆ ಥರ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರಿನಲ್ಲಿ ಮತ್ತೆ ಮತ್ತೆ ಭೂಮಿ ನಡುಗಿ ಜನ ಮನೆ ಬಿಟ್ಟು ಹೊರಗೆ ಮಲಗಿದ್ದರು. 1993ರ ಕಿಲ್ಲಾರಿ ಭೂಕಂಪವನ್ನು ಕಂಡ ಹಿರಿಯರು ಬೀದರ್, ಕಲಬುರಗಿಯಲ್ಲಿ ಇನ್ನೂ ಇದ್ದಾರೆ, ಅವರಿಗೆ ಆ ಸದ್ದು ಕೇಳಿದರೇ ಎದೆ ಹೊಡೆದುಕೊಳ್ಳುತ್ತದೆ. ನೆಲ ಅಲುಗಿದಾಗ ಎರಡು ಕಿಟಕಿಗಳ ನಡುವಿನ ಗೋಡೆಯಲ್ಲಿ ಗುಣಾಕಾರದ ಚಿಹ್ನೆಯ ಹಾಗೆ ಬಿರುಕು ಬರುತ್ತದೆ, ಎರಡು ಗೋಡೆ ಸೇರುವ ಮೂಲೆ ಮೇಲಿನಿಂದ ಬಿಟ್ಟುಕೊಳ್ಳುತ್ತದೆ. ಮಣ್ಣು ಕೂತರೆ ಹಾಗೆ ಆಗುವುದಿಲ್ಲ, ಅದು ಒಂದೇ ಕಡೆಗೆ ಓರೆ. ಬಿರುಕು ಇನ್ನೂ ಸರಿಯುತ್ತಿದೆಯಾ ಅಂತ ನೋಡಲು ಅದರ ಮೇಲೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ಬರುತ್ತೇವೆ. ಮುಂದಿನ ಸಲ ಹೋದಾಗ ಗಾಜು ಒಡೆದಿದ್ದರೆ ಗೋಡೆ ಇನ್ನೂ ನಿಂತಿಲ್ಲ ಅಂತ ಅರ್ಥ, ಆಗ ಅಂತಿಮ ಲೆಕ್ಕ ಕೊಡಬಾರದು.

ಬೆಂಕಿಯ ಕೇಸುಗಳು ನನ್ನ ತರಬೇತಿಯಲ್ಲಿ ಕಡಿಮೆ ಬಂದವು. ಹೊಗೆಯ ಮಸಿ ಗೋಡೆ ಮೇಲೆ ಎಲ್ಲಿ ಕೆಳಗಿನಿಂದ ಹರಡಿದೆ ನೋಡಿ ಶುರುವಾದ ಜಾಗ ಹುಡುಕುವುದು, ತಂತಿಯ ತುದಿಯಲ್ಲಿ ತಾಮ್ರ ಕರಗಿ ಗುಂಡಾಗಿದೆಯಾ ನೋಡುವುದು, ಅಗ್ನಿಶಾಮಕದವರ ವರದಿಯ ಜೊತೆ ಹೊಂದಿಸುವುದು. ಇನ್ನೂ ಕಲಿಯಬೇಕಾದದ್ದು ಇದೆ.

ವರದಿ ಬರೆಯುವುದೇ ಒಂದು ಬೇರೆ ತರಬೇತಿ. ಕೋಣೆಗಳ ಅಳತೆ, ಸ್ಕೆಚ್, ಗಿಲಾವು ಎಷ್ಟು ಚದರ ಮೀಟರ್, ಗೋಡೆ ಎಷ್ಟು ಘನ ಮೀಟರ್, ಲೋಕೋಪಯೋಗಿ ಇಲಾಖೆಯ ದರಪಟ್ಟಿ ಒಂದು ಕಡೆ, ಊರಿನ ಗೌಂಡಿ ಹೇಳುವ ದರ ಇನ್ನೊಂದು ಕಡೆ. ಸರ್ ಕೆಂಪು ಪೆನ್ನು ಹಿಡಿದರೆ ನನ್ನ "ಬಹುಶಃ", "ಕಾಣುತ್ತದೆ" ಎಲ್ಲದರ ಕೆಳಗೆ ಗೆರೆ. ಕಂಡಿದ್ದರೆ ಎಲ್ಲಿ ಕಂಡಿತು, ಯಾವ ಫೋಟೋ ಅಂತ ಬರೆಯಿರಿ ಅನ್ನುತ್ತಿದ್ದರು. ಇನ್ನೊಂದು ನಿಯಮ: ನೋಡಿದ್ದು ಒಂದು ಪುಟದಲ್ಲಿ, ಅದರಿಂದ ನಾವು ತೀರ್ಮಾನಿಸಿದ್ದು ಇನ್ನೊಂದು ಪುಟದಲ್ಲಿ. ನಮ್ಮ ತೀರ್ಮಾನ ತಪ್ಪು ಅಂತ ಯಾರಿಗಾದರೂ ಅನ್ನಿಸಿದರೂ ಮೊದಲ ಪುಟ ಅವರ ಉಪಯೋಗಕ್ಕೆ ಉಳಿಯುತ್ತದೆ. ಜೇವರ್ಗಿ ಕಡೆಯ ಆ ಗೋಡೆಯ ಬಗ್ಗೆ ಕಂಪನಿಯಿಂದ ಪ್ರಶ್ನೆ ಬಂದಾಗ ನಾವು ಹೊಸದಾಗಿ ಏನನ್ನೂ ಬರೆಯಬೇಕಾಗಲಿಲ್ಲ. ಪೆನ್ಸಿಲ್ ಗೆರೆಯ ಫೋಟೋ, ಎತ್ತರದ ಬೀದಿಯ ಫೋಟೋ, ಪುಟದ ನಂಬರ್, ಅಷ್ಟೇ ತೋರಿಸಿದೆವು.

ಈ ತರಬೇತಿಯಲ್ಲಿ ನನಗೆ ಸರಿ ಅನ್ನಿಸದ ಒಂದು ವಿಷಯವೂ ಇದೆ. ಕಲಿಯುವವರ ಹಣೆಬರಹ ಕಲಿಸುವವರ ಮೇಲೆ ನಿಂತಿದೆ. ಒಳ್ಳೆಯವರು ಸಿಕ್ಕರೆ ಹೀಗೆ, ಇಲ್ಲದಿದ್ದರೆ ಇಡೀ ವರ್ಷ ಫೋಟೋ ಅಂಟಿಸಿ ಫಾರಂ ತುಂಬಿಯೂ ಮುಗಿಸಬಹುದು, ಕಾಗದದ ಮೇಲೆ ಎರಡೂ ಒಂದೇ. ಕನ್ನಡದಲ್ಲಿ ಮನೆಯವರಿಗೆ ಪಾಲಿಸಿ ಬಿಡಿಸಿ ಹೇಳುವುದನ್ನು ಯಾರೂ ಪಾಠದ ಭಾಗ ಅಂತ ಇಟ್ಟಿಲ್ಲ. ಇಡಬೇಕು. ತಾಲ್ಲೂಕಿಗೆ ಒಬ್ಬರಾದರೂ ಮಣ್ಣು ಗೊತ್ತಿರುವ, ಭಾಷೆ ಗೊತ್ತಿರುವ ಸರ್ವೇಯರ್ ಇದ್ದರೆ ಇಲ್ಲಿನ ಮನೆಗಳಿಗೆ ನ್ಯಾಯ ಸಿಗುವುದು ಸುಲಭ.

ತರಬೇತಿಯ ಜೊತೆ ಮುಂಬೈನ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ನಡೆಸುವ ಪರೀಕ್ಷೆ ಪಾಸು ಮಾಡಬೇಕು. ಆಮೇಲೆ ಲೈಸೆನ್ಸಿಗೆ ಅರ್ಜಿ. ಮೂರು ವರ್ಷಕ್ಕೊಮ್ಮೆ ನವೀಕರಣ. ಶುರುವಿನಲ್ಲಿ ಲೈಸೆನ್ಷಿಯೇಟ್, ಮುಂದೆ ಅಸೋಸಿಯೇಟ್, ಫೆಲೋ ಅಂತ ದರ್ಜೆ ಏರುತ್ತದೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಬೆಂಗಳೂರು ಬಸ್ಸು ಹತ್ತಬೇಕಾ ಅಂತ ಯೋಚಿಸುತ್ತಿರುವವರು ಇದನ್ನೂ ಒಂದು ಸಲ ನೋಡಿ. ಮೊದಲ ವರ್ಷ ಕೈಗೆ ದುಡ್ಡು ಬರುವುದು ಕಡಿಮೆ, ಅದನ್ನು ತಿಳಿದುಕೊಂಡೇ ಬನ್ನಿ. ಮೋಟಾರ್ ಸುಲಭ ಅಂತ ಅದೊಂದನ್ನೇ ತೆಗೆದುಕೊಳ್ಳಬೇಡಿ, ಫೈರ್ ಕಲಿಸುವವರನ್ನು ಹುಡುಕಿ. ಅಲ್ಲಿಯವರೆಗೆ ನಿಮ್ಮ ಮನೆಯ ಗೋಡೆಗಳಿಂದಲೇ ಶುರು ಮಾಡಬಹುದು. ಪ್ರತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಹಾಕಿ ಫೋಟೋ ತೆಗೆದಿಡಿ, ಬೇಸಿಗೆಯಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ನೋಡಿ. ಮುಂದೆ ಏನಾದರೂ ಆಗಿ ನಮ್ಮಂಥವರು ಬಂದರೆ ಮೊದಲು ಕೇಳುವುದು ಅದನ್ನೇ.